ಉರ್ದು ಅಕ್ಷರದಲ್ಲಿ ಅವರೆಬೇಳೆ

ಡಿಸೆಂಬರ್ ಬಂತೆಂದರೆ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಮುತ್ತ ಅವರೆಕಾಯಿಯ ರಾಶಿ ಬೀಳುತ್ತದೆ. ತಿಲಕನಗರದಿಂದ ನಡೆದೇ ಹೋಗುವ ನಮಗೆ ಅದರ ಸೊಗಡು ದೂರದಿಂದಲೇ ಮೂಗಿಗೆ ಬಡಿಯುತ್ತದೆ. ಮಾಗಡಿ ಕಡೆಯ ಕಾಯಿ ಎಂದು ಮಾರುವವರು ಆಣೆ ಇಡುತ್ತಾರೆ. ಕೊಳ್ಳುವವರು ಮೂಸಿ ನೋಡಿಯೇ ನಂಬುತ್ತಾರೆ. ಆ ಕಾಯಿ ಯಾರ ಮನೆಯಲ್ಲಿ ಉಪ್ಪಿಟ್ಟಿಗೆ ಬೀಳುತ್ತದೆ, ಯಾರ ಮನೆಯಲ್ಲಿ ಮಾಂಸದ ಜೊತೆ ಬೇಯುತ್ತದೆ ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ವಾರದ ಕೊನೆಯ ಎರಡು ದಿನ ಮನೆಯಲ್ಲಿ ಹೊಸ ಅಡುಗೆ ಮಾಡಬೇಕೆಂಬುದು ಮಕ್ಕಳ ಹಟ. ಮಗಳು ಪಿಯುಸಿ, ಮಗ ಎಂಟನೇ ತರಗತಿ. ಮೊಬೈಲಿನಲ್ಲಿ ನೋಡಿ ಇಬ್ಬರೂ ಉದ್ದದೊಂದು ಪಟ್ಟಿ ಮಾಡಿಟ್ಟಿದ್ದರು. ಇಟಲಿ, ಮೆಕ್ಸಿಕೊ, ಕೊರಿಯಾ ಎಲ್ಲವೂ ಅದರಲ್ಲಿದ್ದವು. ಅಮ್ಮಿ ಅದನ್ನು ಓದಿಸಿ ಕೇಳಿ, "ಮೊದಲು ನನ್ನ ಬಯಾಜ್‌ನಲ್ಲಿ ಇರುವುದನ್ನು ಮುಗಿಸಿ" ಎಂದರು. ಅದು ಹಳೆಯದಲ್ಲವೇ ದಾದಿಮಾ ಎಂದು ಮಗ ನಕ್ಕ. "ನೀನು ತಿಂದಿದ್ದೀಯಾ? ತಿನ್ನದೇ ಇರುವುದೆಲ್ಲ ಹೊಸದೇ."

ಬಯಾಜ್ ಎಂದರೆ ಒಂದು ನೋಟ್‌ಬುಕ್ಕು. ಅಮ್ಮಿ ಮದುವೆಯಾಗಿ ಬಂದ ವರ್ಷದಿಂದ ಉರ್ದುವಿನಲ್ಲಿ ಬರೆದುಕೊಂಡಿದ್ದು. ರಟ್ಟು ಹೋಗಿ, ಹೊಲಿಗೆ ಬಿಟ್ಟು, ಎಣ್ಣೆ ಕುಡಿದು ಹಾಳೆಗಳು ಪಾರದರ್ಶಕವಾಗಿವೆ. ಉರ್ದು ಶಾಲೆಯಲ್ಲಿ ಕಲಿತು ಆಮೇಲೆ ಕನ್ನಡಕ್ಕೆ ಬಂದವರಾದ್ದರಿಂದ ನಮಗೆ ಅದನ್ನು ಓದುವುದು ಕಷ್ಟವಲ್ಲ. ಮಕ್ಕಳದು ಇಂಗ್ಲಿಷ್ ಮಾಧ್ಯಮ, ಎರಡನೇ ಭಾಷೆ ಕನ್ನಡ. ಹತ್ತಿರದ ಶಾಲೆಯಲ್ಲಿ ಉರ್ದು ಇರಲಿಲ್ಲ, ಅಷ್ಟೆ. ಕುರ್‌ಆನ್ ಓದಲು ಕಲಿತಿರುವುದರಿಂದ ಅಕ್ಷರಗಳ ಪರಿಚಯವೇನೋ ಅವರಿಗಿದೆ. ಆದರೆ ಕುರ್‌ಆನಿನಲ್ಲಿ ಜೇರ್, ಜಬರ್ ಎಲ್ಲ ಹಾಕಿರುತ್ತಾರೆ. ಕೈಬರಹದ ಉರ್ದುವಿನಲ್ಲಿ ಸ್ವರವನ್ನು ಓದುವವರೇ ತುಂಬಿಕೊಳ್ಳಬೇಕು. ಪದ ಗೊತ್ತಿಲ್ಲದವರು ಅಲ್ಲಿಗೇ ನಿಂತರು.

ಇತ್ತ ಅಮ್ಮಿಯ ಕಣ್ಣು ಸಕ್ಕರೆ ಕಾಯಿಲೆಯಿಂದ ಮಸುಕಾಗಿದೆ. ತಮ್ಮ ಬರಹವನ್ನು ತಾವೇ ಓದಲಾರರು. ಹೀಗಾಗಿ ಒಂದು ಏರ್ಪಾಡು ಮಾಡಿಕೊಂಡೆವು: ಮಗಳು ಕೂಡಿಸಿ ಕೂಡಿಸಿ ಓದುವುದು, ನಾವು ತಿದ್ದುವುದು, ಅಮ್ಮಿ ಒಪ್ಪಿದರೆ ಮಗಳು ಅದನ್ನು ಕನ್ನಡದಲ್ಲಿ ಬರೆದಿಡುವುದು. ಒಲೆಯ ಮುಂದೆ ಮಗ. ಅಡುಗೆ ಹೆಂಗಸರ ಕೆಲಸ ಎನ್ನುವ ನೆಂಟರು ನಮ್ಮಲ್ಲೂ ಇದ್ದಾರೆ. ಮದುವೆಯಲ್ಲಿ ದೇಗ್ ಮುಂದೆ ನಿಂತ ಬಾವರ್ಚಿಯ ಮೀಸೆ ಅವರ ಕಣ್ಣಿಗೆ ಬಿದ್ದ ಹಾಗಿಲ್ಲ.

ಶನಿವಾರ ಬೆಳಿಗ್ಗೆ ಮಗಳು ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಳು. ಹೇ, ತೇ, ಕಾಫ್, ಯೇ. "ಹತಕಿ? ಹುತ್ಕಿ? ಇದು ಪಾರ್ಸಿಯಾ?" ಎಂದು ಕೇಳಿದಳು. ಮಗ ಮೊಬೈಲಿನ ಉರ್ದು ನಿಘಂಟಿನಲ್ಲಿ ಹುಡುಕಿದ, ಸಿಗಲಿಲ್ಲ. ರಾತ್ರಿ ನೆನೆಹಾಕಿದ ಅವರೆಕಾಳನ್ನು ಬೋಗುಣಿಯಲ್ಲಿಟ್ಟುಕೊಂಡು ಕೂತಿದ್ದ ಅಮ್ಮಿ ಒಂದು ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಒತ್ತಿದರು. ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಚಿಮ್ಮಿತು. "ಹಿತ್ಕಿ ಹುಯಿ ಅವ್ರೆ. ಇದೇ."

ಹಿತಕುವುದು! ಅಪ್ಪಟ ಕನ್ನಡದ ಕ್ರಿಯಾಪದ, ಉರ್ದು ಲಿಪಿಯಲ್ಲಿ, ಉರ್ದು ವ್ಯಾಕರಣದ ಅಂಗಿ ತೊಟ್ಟು ಕೂತಿತ್ತು. ಆಮೇಲೆ ನೋಡಿದರೆ ಪುಟದ ತುಂಬ ಅಂಥವೇ: ಸೊಪ್ಪು, ಮುದ್ದೆ, ಬೇಳೆ. ಉರ್ದುವಿನಲ್ಲಿ 'ಳ'ಕ್ಕೆ ಅಕ್ಷರವಿಲ್ಲದ್ದರಿಂದ ಬರಹದಲ್ಲಿ ಅದು 'ಬೇಲೆ' ಆಗಿದೆ. ಅಮ್ಮಿಯ ನಾಲಿಗೆಯಲ್ಲಿ ಮಾತ್ರ 'ಳ' ಗಟ್ಟಿಯಾಗಿಯೇ ಇದೆ.

ಮನೆಮಾತು ಉರ್ದು, ಆದರೂ ಕನ್ನಡದಲ್ಲಿ ಕತೆ ಬರೆಯುತ್ತೀರಲ್ಲ ಎಂದು ಸಭೆಗಳಲ್ಲಿ ನಮ್ಮನ್ನು ಕೇಳುವವರಿದ್ದಾರೆ. ಅದು ಹೊಗಳಿಕೆಯೋ ಅನುಮಾನವೋ ತಿಳಿಯುವುದಿಲ್ಲ. ಕನ್ನಡ ನಮಗೇಕೆ ಎನ್ನುವ ನಮ್ಮವರೂ ಇದ್ದಾರೆ. ಇನ್ನು ಮುಂದೆ ಇಬ್ಬರಿಗೂ ಆ ಪುಟದ ಜೆರಾಕ್ಸ್ ಕೊಡುವುದು ಸಾಕೆನಿಸುತ್ತದೆ.

ಅಳತೆಯದು ಬೇರೆಯೇ ಕತೆ. ಉರ್ದುವಿನ ಪಾವ್ ಎಂದರೆ ಕಾಲು ಸೇರು ತೂಕ, ಇಪ್ಪತ್ತು ತೊಲ. ಈಗಿನ ಲೆಕ್ಕದಲ್ಲಿ ಸುಮಾರು 233 ಗ್ರಾಂ. ನಮ್ಮ ಹಳೇ ಮೈಸೂರಿನ ಪಾವು ತೂಗುವುದಲ್ಲ, ಅಳೆಯುವುದು. ಅಮ್ಮಿಯ ಒಂದೇ ಪುಟದಲ್ಲಿ ಮಾಂಸ ತೂಕದ ಪಾವಿನಲ್ಲಿದೆ, ರಾಗಿಹಿಟ್ಟು ಅಳತೆಯ ಪಾವಿನಲ್ಲಿ. ಎರಡಕ್ಕೂ ಬರೆದಿರುವುದು ಒಂದೇ ಪದ. ಯಾವುದು ಯಾವುದೆಂದು ಹೇಳುವವರು ಪಕ್ಕದಲ್ಲಿ ಕೂತಿರಬೇಕು. ಉಪ್ಪಿಗೆ 'ಹಸ್ಬೆ ಜಾಯಕಾ' ಎಂದಿತ್ತು. ಮಗಳು ಯೋಚಿಸದೆ 'ರುಚಿಗೆ ತಕ್ಕಷ್ಟು' ಎಂದು ಬರೆದಳು.

ಮಾಂಸ ಮುಕ್ಕಾಲು ಬೆಂದ ಮೇಲೆಯೇ ಹಿತಕಿದ ಬೇಳೆ ಹಾಕಬೇಕು, ಇಲ್ಲದಿದ್ದರೆ ಕರಗಿಹೋಗುತ್ತದೆ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಪುದೀನ, ರುಬ್ಬಿದ ಕಾಯಿ. ಮಗ ಟೊಮೆಟೊ ಹೆಚ್ಚಲು ಹೊರಟಾಗ ಅಮ್ಮಿ "ನಕ್ಕೊ!" ಎಂದು ಕೂಗಿದರು, ಹುಳಿ ಸೇರಿದರೆ ಸೊಗಡು ಸಾಯುತ್ತದಂತೆ. ಪುಟದಲ್ಲಿ ಗಸಗಸೆ ಎಂದಿದೆ. ಅಮ್ಮಿ ಮಾತ್ರ ತಾವು ಎಂದೂ ಗಸಗಸೆ ಹಾಕಿಲ್ಲ ಎನ್ನುತ್ತಾರೆ. ಬರೆದವರೂ ಅವರೇ, ಅಲ್ಲಗಳೆಯುವವರೂ ಅವರೇ. ನಾವು ಸುಮ್ಮನಾದೆವು. ಮುದ್ದೆಯ ಜೊತೆ ಊಟ ಮುಗಿದಾಗ ಮೂರು ಗಂಟೆ.

ಭಾನುವಾರ ಮಗನದೊಂದು ಪ್ರಶ್ನೆ: ಮೆಣಸಿನಕಾಯಿ ಬರುವ ಮೊದಲು ಏನು ತಿನ್ನುತ್ತಿದ್ದರು? ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ ಎಲ್ಲ ಅಮೆರಿಕಾ ಖಂಡದವು. ಪೋರ್ಚುಗೀಸರು ಬಂದ ಮೇಲೆ ನಮ್ಮನ್ನು ತಲುಪಿದವು. ಅದಕ್ಕೂ ಮುಂಚಿನ ಅಡುಗೆ ನಮ್ಮಲ್ಲಿ ದಾಖಲಾಗಿದೆ. ಮೂರನೆಯ ಮಂಗರಸ ಸುಮಾರು 1508ರಲ್ಲಿ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಜೈನ ಕವಿ, ಮಾಂಸದ ಸುದ್ದಿಯಿಲ್ಲ, ಬರೆದದ್ದು ಷಟ್ಪದಿಯಲ್ಲಿ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಮಾಂಡುವಿನ ಸುಲ್ತಾನ ಘಿಯಾಸ್ ಶಾಹನ ಅರಮನೆಯಲ್ಲಿ 'ನಿಅಮತ್‌ನಾಮಾ' ಸಿದ್ಧವಾಗುತ್ತಿತ್ತು. ಸಮೋಸದ ಅಡುಗೆಗಳು, ಚಿತ್ರಗಳ ಸಮೇತ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಇಬ್ಬರ ಪುಸ್ತಕದಲ್ಲೂ ಬದನೆಕಾಯಿ ಇದೆ, ಮೆಣಸಿನಕಾಯಿ ಇಲ್ಲ.

ಹಾಗಾಗಿ ಕರಿಮೆಣಸು, ಶುಂಠಿ, ಇಂಗು, ಮೊಸರು ಹಾಕಿ ಬದನೆಕಾಯಿ ಮಾಡಿದೆವು. ಇದು ಯಾವ ಪುಸ್ತಕದ್ದೂ ಅಲ್ಲ, ನಮ್ಮ ಅಂದಾಜು. ಮಕ್ಕಳು ತಟ್ಟೆ ಖಾಲಿ ಮಾಡಿದರು. ಅಮ್ಮಿ ಒಂದು ತುತ್ತು ತಿಂದು, "ಜ್ವರ ಬಂದವರಿಗೆ ಒಳ್ಳೆಯದು" ಎಂದು ತೀರ್ಪು ಕೊಟ್ಟು ಹಿಂದಿನ ದಿನದ ಸಾಲನ್ ಬಿಸಿ ಮಾಡಿಸಿಕೊಂಡರು.

ಸಂಜೆ ಮಗಳ ಹೊಸ ಪುಸ್ತಕ ತೆರೆದು ನೋಡಿದೆವು. ಗಸಗಸೆಯ ಮುಂದೆ ಅವಳು ಬರೆದಿದ್ದಳು: 'ಪುಟದಲ್ಲಿ ಇದೆ, ದಾದಿಮಾ ಇಲ್ಲ ಅನ್ನುತ್ತಾರೆ.' ಬಯಾಜ್‌ನಲ್ಲಿ ಇನ್ನೂ ನಲವತ್ತಕ್ಕೂ ಹೆಚ್ಚು ಅಡುಗೆಗಳಿವೆ. ಮುಂದಿನ ಶನಿವಾರ ದಾಲ್ಚಾ. ಕುಂಬಳಕಾಯಿಯೋ ಸೋರೆಕಾಯಿಯೋ ಎಂಬ ಪದದ ಮೇಲೆ ಅರಿಶಿನ ಬಿದ್ದಿದೆ. ಅಮ್ಮಿ ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.