ಹಾಳೆಯ ಅಂಚಿನಲ್ಲಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ; ನನಗಾದರೋ ಗೀಚುವ ಚಟ. ಕೈಯಲ್ಲೊಂದು ಲೇಖನಿಯೂ ಎದುರಿಗೆ ಒಂದಿಷ್ಟು ಬಿಳಿಯ ಜಾಗವೂ ಇದ್ದರೆ ಸಾಕು, ಬೆರಳುಗಳು ನನ್ನ ಅಪ್ಪಣೆಗಾಗಿ ಕಾಯುವುದಿಲ್ಲ. ಲಗ್ನಪತ್ರಿಕೆಯ ಬೆನ್ನು, ಔಷಧದ ಚೀಟಿ, ಹಾಲಿನ ಲೆಕ್ಕ, ವಿದ್ಯುತ್ತಿನ ಬಿಲ್ಲು, ಯಾವುದೆಂಬ ಭೇದವೂ ಅವಕ್ಕಿಲ್ಲ. ಇದನ್ನು ಚಿತ್ರಕಲೆಯೆಂದು ಕರೆಯುವ ಧೈರ್ಯ ನನಗಿಲ್ಲ. ಚಿತ್ರಕಾರನು ಯೋಚಿಸಿ ಬರೆಯುತ್ತಾನೆ. ಗೀಚುವವನು ಬರೆದಾದ ಮೇಲೆ ಇದೇನೆಂದು ಯೋಚಿಸುತ್ತಾನೆ.

ಬಾಲ್ಯದಲ್ಲಿ ಈ ಚಟಕ್ಕಾಗಿ ನಾನು ತಿಂದ ಪೆಟ್ಟುಗಳು ಅಲ್ಪವಲ್ಲ. ಒಮ್ಮೆ ಲೆಕ್ಕದ ಪುಸ್ತಕದಲ್ಲಿ ಭಾಗಾಕಾರದ ಸುತ್ತ ಬಳ್ಳಿ ಹಬ್ಬಿದುದನ್ನು ಕಂಡು ತಂದೆಯವರು ಆ ಹಾಳೆಯನ್ನೇ ಹರಿದು ಒಲೆಗೆ ಹಾಕಿದರು. ಮುಂದೆ ನೌಕರಿಗೆ ಸೇರಿದಾಗ ಕಚೇರಿಯ ಕಡತಗಳ ಭಯದಿಂದ ಚಟವು ಕೊಂಚ ಅಡಗಿತು, ಆದರೆ ಸಾಯಲಿಲ್ಲ.

ನಿವೃತ್ತನಾದ ಮೇಲೆ, ಇನ್ನಾದರೂ ಇದನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆ ಹುಟ್ಟಿತು. ಮಾದರಿಯ ಪುಸ್ತಕಗಳನ್ನು ಕೊಂಡುತಂದೆ. ಅವುಗಳಲ್ಲಿದ್ದ ಮಂಡಲಗಳನ್ನೂ ನವಿಲುಗಳನ್ನೂ ಜಾಲರಿಗಳನ್ನೂ ನೋಡಿ ನೋಡಿ ಬರೆದೆ. ಎರಡು ವರ್ಷಗಳಲ್ಲಿ ನಾಲ್ಕು ನೋಟುಪುಸ್ತಕಗಳು ತುಂಬಿದವು. ಒಂದು ಸಂಜೆ ಅಭಿಮಾನದಿಂದ ಅವನ್ನು ಮನೆಯವಳ ಮುಂದಿಟ್ಟೆ. ಅವಳು ಸಾವಧಾನವಾಗಿ ಪುಟಗಳನ್ನು ತಿರುವಿಹಾಕಿ, "ಚೆನ್ನಾಗಿವೆ. ಆದರೆ ಇವನ್ನು ಯಾರು ಬೇಕಾದರೂ ಬರೆದಿರಬಹುದು. ಹಾಲಿನ ಲೆಕ್ಕದ ಹಾಳೆಯ ಮೇಲೆ ನೀವು ಗೀಚಿಡುತ್ತೀರಲ್ಲ, ಅದು ಮಾತ್ರ ನಿಮ್ಮದೇ ಎಂದು ದೂರದಿಂದಲೇ ತಿಳಿಯುತ್ತದೆ" ಎಂದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದು ಒಪ್ಪಿಕೊಳ್ಳಬೇಕು. ಮರುದಿನ ಮೇಜಿನ ಖಾನೆಗಳಿಂದ ಹಳೆಯ ಚೀಟಿಗಳನ್ನೆಲ್ಲ ತೆಗೆದು ಚಾಪೆಯ ಮೇಲೆ ಹರಡಿದೆ. ನೂರಕ್ಕೂ ಹೆಚ್ಚಿದ್ದವು. ಯೋಚಿಸದೆ ಗೀಚಿದ ಅವುಗಳಲ್ಲಿ ಕೆಲವು ಸಂಗತಿಗಳು ಮರಳಿ ಮರಳಿ ಬಂದಿದ್ದವು. ನನ್ನ ಬಳ್ಳಿ ಯಾವಾಗಲೂ ಎಡಗಡೆಯ ಕೆಳಮೂಲೆಯಿಂದ ಹೊರಡುತ್ತಿತ್ತು. ಅದರ ಸುರುಳಿಗಳ ಮೇಲೆಲ್ಲ ಕನ್ನಡ ಅಕ್ಷರದ ತಲೆಕಟ್ಟಿನಂತಹ ಒಂದು ಕೊಂಕು; ಅಕ್ಷರಾಭ್ಯಾಸದ ಕಾಲದಲ್ಲಿ ತಿದ್ದಿದ ಕೈಗೆ ಗುಂಡಗಿನ ಗೆರೆಯೇ ಸಹಜವಾಗಿದ್ದಿರಬೇಕು. ಎಲೆಗಳ ತುದಿಯಾದರೋ ನೆಟ್ಟಗೆ ಮುಗಿಯದೆ, ಏನೋ ನೆನಪಾದವರಂತೆ ಸ್ವಲ್ಪ ಹಿಂದಕ್ಕೆ ತಿರುಗುತ್ತಿತ್ತು. ಶೈಲಿಯೆಂಬುದನ್ನು ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದಾಗ ಅದು ಮೇಜಿನ ಖಾನೆಯಲ್ಲಿ ಮಲಗಿತ್ತು!

ಅಂದಿನಿಂದ ಮಾದರಿಗಳನ್ನು ಕಟ್ಟಿಟ್ಟು, ಒಂದೇ ಲೇಖನಿ, ಒಂದೇ ಮಸಿ, ಈ ಎರಡು ಮೂರು ಆಕಾರಗಳು, ದಿನಕ್ಕೊಂದು ಚೀಟಿ ಎಂದು ನಿಯಮ ಮಾಡಿಕೊಂಡೆ. ತಪ್ಪಿದ ಗೆರೆಯನ್ನು ಅಳಿಸಬಾರದೆಂಬುದು ಮತ್ತೊಂದು ನಿಯಮ. ಇದನ್ನು ನಾನು ರವೀಂದ್ರನಾಥ ಠಾಕೂರರಿಂದ ಕಲಿತೆ. ಅವರು ಕವಿತೆಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಪದಗಳನ್ನು ಹಾಗೆಯೇ ಬಿಡದೆ, ಆ ಗೀಟುಗಳನ್ನು ಒಂದಕ್ಕೊಂದು ಸೇರಿಸಿ ಪಕ್ಷಿಗಳನ್ನೂ ವಿಚಿತ್ರ ಪ್ರಾಣಿಗಳನ್ನೂ ಮಾಡುತ್ತಿದ್ದರು. 1924ರಲ್ಲಿ ಅರ್ಜೆಂಟೈನಾದಲ್ಲಿ ಅವರಿಗೆ ಆತಿಥ್ಯವಿತ್ತ ವಿಕ್ಟೋರಿಯಾ ಒಕಾಂಪೊ ಎಂಬ ಲೇಖಕಿ 'ಪೂರಬಿ'ಯ ಹಸ್ತಪ್ರತಿಯಲ್ಲಿ ಇವನ್ನು ಕಂಡು ಬೆರಗಾದಳು. 1930ರಲ್ಲಿ ಪ್ಯಾರಿಸಿನಲ್ಲಿ ಕವಿಯ ಚಿತ್ರಗಳ ಮೊದಲ ಪ್ರದರ್ಶನ ನಡೆದುದು ಆಕೆಯ ನೆರವಿನಿಂದಲೇ. ಆಗ ಅವರಿಗೆ ಅರುವತ್ತೊಂಬತ್ತರ ಸುಮಾರು. ಮಹಾಪುರುಷರೊಡನೆ ನನ್ನನ್ನು ಹೋಲಿಸಿಕೊಳ್ಳುವ ಅವಿವೇಕ ನನಗಿಲ್ಲ. ವಯಸ್ಸಾಯಿತೆಂಬ ನೆವವನ್ನು ಮಾತ್ರ ಅವರು ನನ್ನಿಂದ ಕಿತ್ತುಕೊಂಡರು.

ಇನ್ನೊಂದು ಮಾತು ಉಳಿದಿದೆ. ಆ ತಿರುಗಿದ ಎಲೆಯ ತುದಿಯನ್ನು ನಾನೆಲ್ಲಿ ಕಲಿತೆನೆಂಬುದು ಬಹುಕಾಲ ನನಗೆ ಹೊಳೆದಿರಲಿಲ್ಲ. ಒಂದು ಬೆಳಗ್ಗೆ ನೆರೆಮನೆಯವರು ಅಂಗಳದಲ್ಲಿ ರಂಗೋಲಿ ಇಡುತ್ತಿದ್ದುದನ್ನು ನೋಡುತ್ತ ನಿಂತಿದ್ದಾಗ ತಟ್ಟನೆ ತಿಳಿಯಿತು. ನಮ್ಮ ತಾಯಿ ಚುಕ್ಕಿಗಳ ನಡುವೆ ಎಳೆ ಎಳೆಯುವಾಗ ಎಲೆಯ ತುದಿಯಲ್ಲಿ ಬೆರಳುಗಳನ್ನು ಒಮ್ಮೆ ಹಿಂದಕ್ಕೆ ತಿರುಗಿಸಿ ಪುಡಿಯನ್ನು ನಿಲ್ಲಿಸುತ್ತಿದ್ದಳು. ನಾನು ಹೊಸಲಿನ ಮೇಲೆ ಕುಳಿತು ಅದನ್ನು ದಿನವೂ ನೋಡುತ್ತಿದ್ದೆ. ಅವಳು ಇಟ್ಟ ಸಾವಿರಾರು ರಂಗೋಲಿಗಳಲ್ಲಿ ಒಂದರ ಛಾಯಾಚಿತ್ರವೂ ನಮ್ಮಲ್ಲಿಲ್ಲ. ಇಂದಿನದನ್ನು ನಾಳೆ ಅವಳೇ ಗುಡಿಸಿ, ನೀರು ಚಿಮುಕಿಸಿಬಿಡುತ್ತಿದ್ದಳು. ಅವಳು ಹೋಗಿ ಇಪ್ಪತ್ತು ವರ್ಷಗಳಾದವು. ನನ್ನದೇ ಎಂದು ನಾನು ಹಿಗ್ಗಿದ ಗೆರೆಯಲ್ಲಿ ಅವಳ ಬೆರಳು ಇನ್ನೂ ಆಡುತ್ತಿದೆಯೆಂದು ತಿಳಿದಾಗ ಹಿಗ್ಗು ಕುಂದಲಿಲ್ಲ. ಕಣ್ಣು ಮಾತ್ರ ಮಂಜಾಯಿತು.

ಕಳೆದ ತಿಂಗಳು ಸೊಸೆಯು ಮೊಮ್ಮಗಳ ನೋಟುಪುಸ್ತಕವನ್ನು ತಂದು ನನ್ನ ಮುಂದಿಟ್ಟಳು. "ನೋಡಿ ಮಾವ, ಪಾಠ ಕೇಳದೆ ಗೀಚುತ್ತಾಳೆಂದು ಶಾಲೆಯಿಂದ ದೂರು ಬಂದಿದೆ. ನೀವೇ ಬುದ್ಧಿ ಹೇಳಿ" ಎಂದಳು. ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು! ಗೀಚುವವರ ಗಮನ ತಪ್ಪಿಯೇ ಇರುತ್ತದೆಂದು ಹೇಳಲಾಗದು. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ ಅವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 40 ಜನರಿಗೆ ಬೇಸರ ತರುವ ಒಂದು ದೂರವಾಣಿ ಸಂದೇಶವನ್ನು ಕೇಳಿಸಿದರು. ಕೇಳುತ್ತ ಆಕಾರಗಳಿಗೆ ಛಾಯೆ ತುಂಬುತ್ತಿದ್ದವರು ಸುಮ್ಮನೆ ಕುಳಿತವರಿಗಿಂತ ಶೇಕಡಾ 29ರಷ್ಟು ಹೆಚ್ಚು ವಿಷಯಗಳನ್ನು ನೆನಪಿಟ್ಟಿದ್ದರು. ಆದರೆ ಒಂದು ಪರೀಕ್ಷೆಯನ್ನು ಹಿಡಿದುಕೊಂಡು ಉಪಾಧ್ಯಾಯರೊಡನೆ ವಾದಕ್ಕೆ ಹೋಗುವುದು ವಿವೇಕವಲ್ಲ.

ಮಗುವನ್ನು ಕರೆದು ಪುಸ್ತಕವನ್ನು ಬಿಡಿಸಿದೆ. ಅಂಚಿನುದ್ದಕ್ಕೂ ಪುಟ್ಟ ಪುಟ್ಟ ಕೊಡೆಗಳು. ಒಂದೊಂದರ ಹಿಡಿಕೆಯೂ ಒಂದೊಂದು ಕಡೆಗೆ ಬಾಗಿತ್ತು. ನನ್ನ ಬಳ್ಳಿಯನ್ನು ಹೇಳಿಕೊಡಬೇಕೆಂದು ಕೈ ತುರಿಸಿತು. ತಡೆದುಕೊಂಡೆ. "ಪಾಠ ಬರೆದು ಮುಗಿಸಿದ ಮೇಲೆ ಬರೆಯಮ್ಮ, ಅಂಚನ್ನು ದಾಟಬೇಡ, ಬರೆದುದನ್ನು ಹರಿಯಬೇಡ" ಎಂದೆ.

"ಹೇಳಿದಿರಾ ಮಾವ?" ಎಂದು ಸೊಸೆ ಒಳಗಿನಿಂದಲೇ ಕೇಳಿದಳು.

"ಹೇಳಿದೆನಮ್ಮ" ಎಂದೆ. ಮೊಮ್ಮಗಳು ನನ್ನ ಮುಖ ನೋಡಿ ನಕ್ಕಳು.