ಹಡಗಲಿ ಬಸ್ಸಿನಲ್ಲಿ ಇಂಗ್ಲಿಷ್ ಪಾಠ

ಫಜ್ರ್ ನಮಾಝ್ ಮುಗಿಸಿ ಮನೆಗೆ ಬಂದು ಕೂತಿದ್ದೆ. ಹರಪನಹಳ್ಳಿಯಿಂದ ಅಕ್ಕನ ಫೋನು ಬಂತು. "ನಿನ್ನ ಭಾಂಜಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಅವಳಪ್ಪ ಪುಸ್ತಕ ಎಲ್ಲಾ ಅಟ್ಟಕ್ಕೆ ಹಾಕ್ತೀನಿ ಅಂತಾರೆ. ಒಂದ್ಸಲ ಬಂದು ಹೋಗೋ." ಅಂದು ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದೆ.

ಕರಾವಳಿಯ ಓದುಗರಿಗೆ ನಮ್ಮ ಕಡೆಯ ಊರುಗಳ ಹೆಸರು ಅಷ್ಟಾಗಿ ಪರಿಚಯವಿರಲಿಕ್ಕಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಹಂಪಿಗೆ ಹೋಗುವವರು ಹೊಸಪೇಟೆಯಲ್ಲೇ ಇಳಿದುಬಿಡುತ್ತಾರೆ, ಅದರ ದಕ್ಷಿಣಕ್ಕೂ ಪಶ್ಚಿಮಕ್ಕೂ ಇರುವ ಈ ಐದು ಊರುಗಳು ಅವರ ಕಣ್ಣಿಗೆ ಬೀಳುವುದಿಲ್ಲ. ಜೋಳ, ಶೇಂಗಾ, ಮೆಕ್ಕೆಜೋಳದ ಸೀಮೆ. ಮಳೆ ಬಂದರೆ ಹಬ್ಬ, ಬಾರದಿದ್ದರೆ ಬೆಂಗಳೂರಿನ ಬಸ್ಸು. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದೆವು, 2021ರಿಂದ ವಿಜಯನಗರ ಜಿಲ್ಲೆಯವರಾಗಿದ್ದೇವೆ. ನಾನಿರುವ ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ ಎಂದರೆ ಬೆಂಗಳೂರಿನ ಸ್ನೇಹಿತರು ನಂಬುವುದಿಲ್ಲ.

ಇಲ್ಲಿ ಕಾರ್ಖಾನೆಗಳು ಕಡಿಮೆ. ಹೊಲ, ಅಂಗಡಿ, ಗ್ಯಾರೇಜು ಬಿಟ್ಟರೆ ಓದಿದವರಿಗೆ ಕಾಣುವುದು ಸರಕಾರಿ ನೌಕರಿ ಒಂದೇ. ಅಕ್ಕನ ಮಗಳು ಬಿ.ಕಾಂ. ಮಾಡಿದ್ದಾಳೆ. ಲೋಕಸೇವಾ ಆಯೋಗದ ಗ್ರೂಪ್ ಸಿ ಹುದ್ದೆಗಳ ಪರೀಕ್ಷೆಯನ್ನು ಒಮ್ಮೆ ಬರೆದು ಎಡವಿದ್ದಾಳೆ, ಇನ್ನೊಂದಕ್ಕೆ ಇಪ್ಪತ್ತು ದಿನ ಉಳಿದಿದೆ. ಅವಳು ಎಡವಿದ್ದು ಸಂವಹನ ಪತ್ರಿಕೆಯಲ್ಲಿ. ನೂರು ಅಂಕದ ಆ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30. ಕನ್ನಡ, ಕಂಪ್ಯೂಟರ್ ಎರಡನ್ನೂ ಅವಳು ದಾಟುತ್ತಾಳೆ. ನಡುವಿನ ಮೂವತ್ತೈದು ಅವಳನ್ನು ಹಿಡಿದು ನಿಲ್ಲಿಸಿದೆ.

ಕೊಟ್ಟೂರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಕೊಟ್ಟೂರಿಗೆ ಹೋಗಿ ಮಂಡಕ್ಕಿ-ಮೆಣಸಿನಕಾಯಿ ತಿನ್ನದೆ ಬಂದವರನ್ನು ನಮ್ಮಲ್ಲಿ ಅನುಮಾನದಿಂದ ನೋಡುತ್ತಾರೆ. ಅಂಗಡಿಯ ಬೆಂಚಿನ ಮೇಲೆ ನಾಲ್ವರು ಹುಡುಗರು ಪ್ರಶ್ನೆಗಳ ಪುಸ್ತಕ ಹಿಡಿದು ಕೂತಿದ್ದರು. ಅವರಲ್ಲಿಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು, ಎದ್ದು ನಿಂತು ಸಲಾಂ ಹೇಳಿದರು. ಒಬ್ಬ ಅರೆಸೇನಾ ಪಡೆಯ ಕಾನ್‌ಸ್ಟೆಬಲ್ ಪರೀಕ್ಷೆಗೆ ಓಡುತ್ತಿದ್ದಾನೆ, ಓದುತ್ತಿದ್ದಾನೆ. 2024ರಿಂದ ಆ ಪರೀಕ್ಷೆ ಕನ್ನಡದಲ್ಲೂ ಇದೆ. ಆದರೆ ಭಾಷೆಯ ಭಾಗ ಬಂದಾಗ ಇಂಗ್ಲಿಷ್ ಇಲ್ಲವೆ ಹಿಂದಿ. "ಹಿಂದಿ ತಗೊಂಡೀನಿ ಸರ್, ನಮ್ದು ಮನೆ ಮಾತು ಉರ್ದು ಅಲ್ವಾ" ಎಂದ. ಪುಸ್ತಕ ತೆರೆದು ಒಂದು ಸಾಲು ಓದು ಎಂದೆ. ನಾಗರಿ ಲಿಪಿಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿದ್ದ. ಕಿವಿಗೆ ಬಂದ ಭಾಷೆ ಕಣ್ಣಿಗೆ ಬಂದಿರಲಿಲ್ಲ. ಹೀಗೆ ಮೋಸಹೋಗುವ ನಮ್ಮ ಮಕ್ಕಳು ಇವನೊಬ್ಬನೇ ಅಲ್ಲ.

ಇನ್ನೊಬ್ಬ ಪದವೀಧರ. ಕೆ.ಎ.ಎಸ್. ಕನಸಿನವನು. "ಕನ್ನಡದಲ್ಲಿ ಬರೀತೀನಿ ಸರ್, ಆದ್ರೂ ಇಂಗ್ಲಿಷ್ ಬೇಕಾಗಿದೆ" ಎಂದ. ಅವನ ಮಾತು ಸುಳ್ಳಲ್ಲ. 2024ರ ಆಗಸ್ಟ್ 27ರಂದು ನಡೆದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಸಬೇಕಾಯಿತು, ಅದರಲ್ಲೂ ತಪ್ಪುಗಳಿವೆ ಎಂದು ಮತ್ತೆ ಗಲಾಟೆ. ಕನ್ನಡದ ಪ್ರಶ್ನೆ ಅರ್ಥವಾಗಲು ಕನ್ನಡದ ಹುಡುಗ ಪಕ್ಕದ ಇಂಗ್ಲಿಷ್ ಸಾಲು ನೋಡಬೇಕಾದ ಕಾಲ! ಅಷ್ಟರಲ್ಲಿ ಹರಪನಹಳ್ಳಿ ಬಸ್ಸು ಬಂತು. ಮೆಣಸಿನಕಾಯಿಯ ದುಡ್ಡು ಕೊಡಲು ಹುಡುಗರು ನನ್ನನ್ನು ಬಿಡಲಿಲ್ಲ.

ಭಾವನದು ಟೈರು ಪಂಕ್ಚರಿನ ಅಂಗಡಿ. ಮಗ್ರಿಬ್ ಹೊತ್ತಿಗೆ ಕೈ ತೊಳೆದು ಬಂದರು. ನನ್ನನ್ನು ನೋಡಿದ ಕೂಡಲೇ "ಬಂದೇನಪ್ಪಾ ಮೌಲಾನಾ? ವಕೀಲಿಕೆ ಮಾಡೋಕೆ ಬಂದಿದ್ದೀಯಾ?" ಎಂದು ನಕ್ಕರು. ಅವರು ಕೆಟ್ಟವರಲ್ಲ. ಅವರ ಸಿಟ್ಟಿಗೆ ಒಂದು ಇತಿಹಾಸವಿದೆ.

1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಆಗ ಯಾರಿಗೂ ಇದರ ಬೆಲೆ ಗೊತ್ತಾಗಲಿಲ್ಲ. 2013ರಲ್ಲಿ ಸಂವಿಧಾನದ 371 ಜೆ ವಿಧಿ ಜಾರಿಗೆ ಬಂದು ಬಳ್ಳಾರಿ ಸೇರಿದಂತೆ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ನೌಕರಿಯಲ್ಲೂ ಕಾಲೇಜು ಸೀಟುಗಳಲ್ಲೂ ಮೀಸಲಾತಿ ಸಿಕ್ಕಿತು. ಪಕ್ಕದ ಕೂಡ್ಲಿಗಿಯವರು ಒಳಗೆ, ಹರಪನಹಳ್ಳಿಯವರು ಹೊರಗೆ. ಒಂದೇ ಕೆರೆಯ ನೀರು ಕುಡಿದವರಿಗೆ ಎರಡು ಕಾನೂನು. ಹೋರಾಟಗಳಾದವು, 2018ರಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಬಂತು, ಸೌಲಭ್ಯವೂ ಬಂತು. ಆದರೆ ಆ ಐದು ವರ್ಷಗಳಲ್ಲೇ ಭಾವನ ಹಿರಿಯ ಮಗ ಅರ್ಜಿ ಮೇಲೆ ಅರ್ಜಿ ಹಾಕಿದ್ದ. ಈಗ ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. "ಅವನದು ಆಯ್ತು. ಇವಳದ್ದೂ ಹಾಗೇ ಆಗ್ತದೆ" ಎಂಬುದು ಭಾವನ ವಾದ. ಜೊತೆಗೆ ಒಂದು ಸಂಬಂಧವೂ ಬಂದಿತ್ತು. ಒಳ್ಳೆಯ ಮನೆತನ. ಹುಡುಗಿ ಈಗಲೇ ಹೂಂ ಅನ್ನಬೇಕಂತೆ.

ಇಶಾ ಆದ ಮೇಲೆ ಅವಳು ಒಎಂಆರ್ ಹಾಳೆಯ ಕಾರ್ಬನ್ ಪ್ರತಿಯನ್ನೂ ಕೀ ಉತ್ತರಗಳನ್ನೂ ತಂದು ಮುಂದಿಟ್ಟಳು. ಇಬ್ಬರೂ ಲೆಕ್ಕ ಹಾಕಿದೆವು. ಇಂಗ್ಲಿಷಿನ ಮೂವತ್ತೈದೂ ಪ್ರಶ್ನೆಗಳಿಗೆ ಉತ್ತರ ಗುರುತಿಸಿದ್ದಳು. ಹದಿನೇಳು ಸರಿ, ಹದಿನೆಂಟು ತಪ್ಪು. ಒಂದು ತಪ್ಪಿಗೆ ಕಾಲು ಅಂಕ ಕಡಿತ. ಹದಿನೇಳರಲ್ಲಿ ನಾಲ್ಕೂವರೆ ಹೋಗಿ ಉಳಿದದ್ದು ಹನ್ನೆರಡೂವರೆ.

"ಗೊತ್ತಿಲ್ಲದ್ದನ್ನು ಯಾಕಮ್ಮಾ ತುಂಬಿದಿ?"

"ಖಾಲಿ ಬಿಟ್ಟರೆ ಅಬ್ಬಾ ಏನೂ ಓದಿಲ್ಲ ಅಂತಾರೆ ಅಂತ ಹೆದರಿಕೆ ಮಾಮೂ."

ಪರೀಕ್ಷಾ ಕೊಠಡಿಯಲ್ಲೂ ಅವಳ ಬೆನ್ನ ಹಿಂದೆ ಅಪ್ಪ ನಿಂತಿದ್ದರು.

ತಪ್ಪಾದ ಹದಿನೆಂಟರಲ್ಲಿ ಹೆಚ್ಚಿನವು 'ಎ', 'ಆನ್', 'ದಿ' ಮತ್ತು 'ಇನ್', 'ಆನ್', 'ಆಟ್'ಗಳ ಪ್ರಶ್ನೆಗಳು. ಇದು ಅವಳೊಬ್ಬಳ ರೋಗವಲ್ಲ. ಕನ್ನಡದಲ್ಲಿ 'ದಿ' ಎಂಬುದಿಲ್ಲ, ಉರ್ದುವಿನಲ್ಲೂ ಇಲ್ಲ. 'ಮನೆಯಲ್ಲಿ' ಎನ್ನುವಾಗ 'ಅಲ್ಲಿ' ಮನೆಯ ಹಿಂದೆ ಬರುತ್ತದೆ, 'ಘರ್ ಮೇಂ' ಎಂದರೂ ಹಿಂದೆಯೇ. ಇಂಗ್ಲಿಷಿನಲ್ಲಿ ಅದು ಮುಂದೆ. ಆಗ ನನಗೆ ಮದ್ರಸದ ನಹ್ವ್ ಪಾಠ ನೆನಪಾಯಿತು. "ನೀನು ಮಕ್ತಬಿನಲ್ಲಿ ಅರಬಿ ಓದಿದ್ದೀಯಲ್ಲ, 'ಫಿಲ್ ಬೈತ್' ಅಂದರೇನು?" ಎಂದೆ. "ಮನೆಯಲ್ಲಿ" ಎಂದಳು. "ಫೀ ಮುಂದೆ ಬಂತಾ, ಹಿಂದೆ ಬಂತಾ?" ಅವಳ ಮುಖ ಅರಳಿತು. ಅರಬಿಯಲ್ಲೂ ಇಂಗ್ಲಿಷಿನ ಹಾಗೆ ಮುಂದೆಯೇ. 'ಕಿತಾಬುನ್' ಎಂದರೆ ಯಾವುದೋ ಒಂದು ಪುಸ್ತಕ, 'ಅಲ್ ಕಿತಾಬ್' ಎಂದರೆ ಆ ಗೊತ್ತಿರುವ ಪುಸ್ತಕ. ನಕಿರಾ ಮತ್ತು ಮಅರಿಫಾ. ಮೊದಲನೆಯದಕ್ಕೆ 'ಎ', ಎರಡನೆಯದಕ್ಕೆ 'ದಿ'. ಚಿಕ್ಕಂದಿನಿಂದ ಬಾಯಲ್ಲಿರುವ 'ಅಲ್' ಅವಳಿಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಇಂಗ್ಲಿಷ್ ಕಲಿಸಿತು.

ಆದರೆ ಇದರಲ್ಲೊಂದು ಹೊಂಡವೂ ಇದೆ. ಬಿ.ಎ.ಗೆ ಓದುವಾಗ ನಾನೇ ಅದರಲ್ಲಿ ಬಿದ್ದಿದ್ದೆ. ಅರಬಿಯಲ್ಲಿ ಭಾರತಕ್ಕೆ 'ಅಲ್ ಹಿಂದ್', ಸಹನೆಗೆ 'ಅಸ್ಸಬ್ರ್'. ಆ ಧೈರ್ಯದಿಂದ ನಾನು 'ದಿ ಇಂಡಿಯಾ', 'ದಿ ಪೇಶನ್ಸ್' ಎಂದೆಲ್ಲ ಬರೆದು ಪ್ರಾಧ್ಯಾಪಕರಿಂದ ಕೆಂಪು ಶಾಯಿ ತಿಂದೆ. ಇಂಗ್ಲಿಷಿನಲ್ಲಿ ಇಂಡಿಯಾಕ್ಕೆ 'ದಿ' ಇಲ್ಲ, ಕೊಟ್ಟೂರಿಗೆ ಇಲ್ಲ, ಆದರೆ ತುಂಗಭದ್ರೆಗೆ ಉಂಟು. ಸಹನೆ ಸುಮ್ಮನೆ ಸಹನೆ, ಯಾರದೋ ನಿರ್ದಿಷ್ಟ ಸಹನೆಯಾದರೆ ಮಾತ್ರ 'ದಿ'. "ಅಮ್ಮಿಯ ಸಹನೆಗೆ ಹಚ್ಚಬಹುದು" ಎಂದಳು ಹುಡುಗಿ. ಅಕ್ಕ ಅಡುಗೆ ಮನೆಯಿಂದ ಏನದು ಎಂದು ಕೇಳಿದಳು. ಇಬ್ಬರೂ ಸುಮ್ಮನಾದೆವು.

ಬೆಳಿಗ್ಗೆ ಚಹಾ ಕುಡಿಯುವಾಗ ಭಾವನಿಗೆ ನಾನು ಕೇಳಿದ್ದು ಇಷ್ಟೇ. ಇಪ್ಪತ್ತು ದಿನ ಇವಳು ಕೂಡ್ಲಿಗಿಯ ನಮ್ಮ ಮನೆಯಲ್ಲಿರಲಿ, ನನ್ನ ಹೆಂಡತಿ ಮಕ್ಕಳ ಜೊತೆ. ಭಾವ ಲೋಟ ಕೆಳಗಿಟ್ಟು, "ಇಪ್ಪತ್ತು ದಿನ ಓದಿದರೆ ನೌಕರಿ ಖಾತ್ರೀನಾ?" ಎಂದರು.

"ಇಲ್ಲ ದುಲ್ಹೇಭಾಯಿ, ಖಾತ್ರಿ ಇಲ್ಲ" ಎಂದೆ. ಪ್ರವರ್ಗ 2ಬಿಯ ಮೀಸಲಾತಿ ನೂರಕ್ಕೆ ನಾಲ್ಕು. ಉಪವಿಭಾಗಾಧಿಕಾರಿಗಳಿಂದ ಪಡೆದ 371 ಜೆ ಪ್ರಮಾಣಪತ್ರವೂ ಕೈಯಲ್ಲಿದೆ. ಆದರೂ ಅದೇ ಪತ್ರ ಹಿಡಿದು ಸಾವಿರಾರು ಮಕ್ಕಳು ಕೂತಿರುತ್ತಾರೆ. ಸುಳ್ಳು ಹೇಳಿ ಅವಳನ್ನು ಕರೆದುಕೊಂಡು ಹೋಗಲು ನನಗೆ ಮನಸ್ಸಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ "ಇಪ್ಪತ್ತು ದಿನ. ಅಲ್ಲಿಗಂಟ ಅವರಿಗೆ ಉತ್ತರ ಕೊಡಲ್ಲ" ಎಂದು ಅಂಗಡಿಗೆ ಹೊರಟರು. ಭಾನುವಾರವೂ ಅಂಗಡಿ ತೆಗೆಯುತ್ತಾರೆ.

ನೇರ ಕೂಡ್ಲಿಗಿಗೆ ಬರಬಹುದಿತ್ತು. ಹಡಗಲಿಯಲ್ಲಿ ನಮ್ಮ ಖಾಲಾ ಹಾಸಿಗೆ ಹಿಡಿದಿದ್ದಾರೆ, ನೋಡಿಕೊಂಡು ಹೋಗೋಣವೆಂದು ಸುತ್ತಿನ ದಾರಿ ಹಿಡಿದೆವು. ನನಗೆ ಪೂರ್ತಿ ಟಿಕೆಟ್, ಅವಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳು ಪರೀಕ್ಷೆಗೆ, ತರಬೇತಿಗೆ ಊರೂರು ತಿರುಗುವುದು ಹೆಚ್ಚಾಗಿದ್ದರೆ ಅದರಲ್ಲಿ ಈ ಚೀಟಿಯ ಪಾಲೂ ಇದೆ. ಹೇಗೋ ಕಿಟಕಿ ಪಕ್ಕ ಜಾಗ ಸಿಕ್ಕಿತು. ಪುಸ್ತಕ ತೆರೆದಳು.

ಕರ್ಮಣಿ ಪ್ರಯೋಗದ ಪುಟ. ಅರಬಿಯಲ್ಲಿ ಇದಕ್ಕೆ ಮಜ್‌ಹೂಲ್ ಎನ್ನುತ್ತಾರೆ, ಮಾಡಿದವನು ಗೊತ್ತಿಲ್ಲದ ಕ್ರಿಯೆ. "ಮನೆಯಲ್ಲಿ ಯಾರೂ 'ಚಹಾ ಕುಡಿಯಲ್ಪಟ್ಟಿತು' ಅನ್ನಲ್ಲ, ಅದಕ್ಕೇ ಬರಲ್ಲ ಮಾಮೂ" ಎಂದಳು. "ಕಚೇರಿಗೆ ಹೋಗಿದ್ದೀಯಲ್ಲ, ಅಲ್ಲಿನ ಕಾಗದ ನೋಡು. ಆದೇಶಿಸಲಾಗಿದೆ, ತಿರಸ್ಕರಿಸಲಾಗಿದೆ. ಯಾರು ತಿರಸ್ಕರಿಸಿದರು? ಹೆಸರಿಲ್ಲ" ಎಂದೆ. ಅವಳ ಅರ್ಜಿಯೊಂದು ಹಾಗೆ ವಾಪಸು ಬಂದಿತ್ತು. ನಗುತ್ತಲೇ ಐದು ವಾಕ್ಯಗಳನ್ನು ಬದಲಿಸಿದಳು, ನಾಲ್ಕು ಸರಿ.

ಹಡಗಲಿಯೆಂದರೆ ಮಲ್ಲಿಗೆ. ಈ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ವಿಜಯನಗರದ ಅರಸರಿಗೆ ಇಲ್ಲಿಂದಲೇ ಹೂವು ಹೋಗುತ್ತಿತ್ತೆಂದು ಊರವರು ಹೇಳುತ್ತಾರೆ. ಖಾಲಾರ ಮನೆಯ ಪಡಸಾಲೆಯಲ್ಲಿ ಇಬ್ಬರು ಹೆಂಗಸರು ಮೊಗ್ಗು ಕಟ್ಟುತ್ತ ಕೂತಿದ್ದರು. ಹೂವಿನ ದರ ಇಳಿದಿದೆ ಎಂದು ಅವರ ಅಳಲು. ನಾನು ಮೆಲ್ಲಗೆ ಹುಡುಗಿಗೆ ಕೇಳಿದೆ: "'ದಿ ಪ್ರೈಸ್ ಆಫ್ ದಿ ಫ್ಲವರ್ಸ್' - ಮುಂದೆ 'ಹ್ಯಾಸ್' ಬರುತ್ತೋ 'ಹ್ಯಾವ್' ಬರುತ್ತೋ?" ಅವಳು ಬುಟ್ಟಿಯತ್ತ ನೋಡಿ 'ಹ್ಯಾವ್' ಎಂದಳು. ಮತ್ತೆ ಯೋಚಿಸಿ, "ಇಳಿದದ್ದು ದರ, ಹೂವಲ್ಲ. ಹ್ಯಾಸ್" ಎಂದಳು. ಹಾಸಿಗೆಯಲ್ಲಿದ್ದ ಖಾಲಾ ಅವಳ ತಲೆ ಸವರಿ ದುಆ ಮಾಡಿದರು. ಯಾವ ಪರೀಕ್ಷೆ ಎಂದು ಅವರು ಕೇಳಲೂ ಇಲ್ಲ.

ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ಬಸ್ಸಿನಲ್ಲಿ ಪಕ್ಕದ ಹಿರಿಯರು ಮೈಲಾರದ ಕಾರಣಿಕದ ಮಾತು ತೆಗೆದರು. ಮೈಲಾರ ಈ ತಾಲ್ಲೂಕಿನ ಊರು. ಪ್ರತಿವರ್ಷ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ಒಂದೇ ಸಾಲು ನುಡಿಯುತ್ತಾರೆ. ಆ ಸಾಲಿಗೆ ಒಬ್ಬರು ಮಳೆಯ ಅರ್ಥ ಹೇಳುತ್ತಾರೆ, ಇನ್ನೊಬ್ಬರು ರಾಜಕೀಯದ ಅರ್ಥ. ಹಿರಿಯರು ಇಳಿದ ಮೇಲೆ ಗದ್ಯಭಾಗದ ಪ್ರಶ್ನೆಗಳನ್ನು ತೆಗೆದೆವು. ಅವಳ ಕಷ್ಟ ನನಗೆ ಆಗ ಹೊಳೆಯಿತು. ಅವಳೂ ಅರ್ಥ ಹಚ್ಚುತ್ತಿದ್ದಳು! ಗದ್ಯದಲ್ಲಿ ರೈತ ಊರು ಬಿಟ್ಟ ಎಂದಿದ್ದರೆ, ಬರಗಾಲಕ್ಕೆ ಎಂದು ತಾನೇ ಸೇರಿಸಿ ಉತ್ತರ ಆರಿಸುತ್ತಿದ್ದಳು. ನಮ್ಮ ಊರಿನ ಮಗಳಲ್ಲವೆ, ರೈತ ಇನ್ಯಾಕೆ ಊರು ಬಿಡುತ್ತಾನೆ? ಆದರೆ ಪರೀಕ್ಷೆಗೆ ಬೇಕಾದದ್ದು ಪುಟದ ಮೇಲೆ ಇದ್ದಷ್ಟೇ. ಉತ್ತರ ಕೊಟ್ಟ ಪ್ರತಿ ಸಲ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡು ಎಂದೆ. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ಬಿಡು.

ಹಗರಿಬೊಮ್ಮನಹಳ್ಳಿಯಲ್ಲಿ ಕೂಡ್ಲಿಗಿ ಬಸ್ಸಿಗೆ ಒಂದು ತಾಸು ಕಾಯಬೇಕಾಯಿತು. ಈ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ, ನೀರಿನ ನಡುವಿನ ಕರಿಜಾಲಿ ಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಸಾಮಾನ್ಯ ಜ್ಞಾನದ ಪತ್ರಿಕೆಗೆ ಇದು ಬೇಕಾದ ಸಂಗತಿ ಎಂದು ಅವಳು ಬರೆದುಕೊಂಡಳು. ಕೆರೆ ನೋಡಲು ಹೊತ್ತಿರಲಿಲ್ಲ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹಳೆಯ ಪ್ರಶ್ನೆಪತ್ರಿಕೆಯೊಂದರ ಮೂವತ್ತೈದು ಪ್ರಶ್ನೆ ಕೊಟ್ಟು ಗಡಿಯಾರ ನೋಡಿದೆ. ಗೊತ್ತಿಲ್ಲದ್ದನ್ನು ಬಿಡಬೇಕು, ಇದೊಂದೇ ಷರತ್ತು. ಮೊದಮೊದಲು ಖಾಲಿ ಬಿಡುವಾಗ ಅವಳ ಪೆನ್ನು ಅಲ್ಲೇ ತಡವರಿಸುತ್ತಿತ್ತು, ನನ್ನ ಮುಖ ನೋಡುತ್ತಿದ್ದಳು. ನಾನು ಬಸ್ಸುಗಳ ಬೋರ್ಡು ಓದುತ್ತ ಕೂತೆ.

ಬಸ್ಸು ಹೊರಟ ಮೇಲೆ ತಿದ್ದಿದೆವು. ಇಪ್ಪತ್ತಾರಕ್ಕೆ ಉತ್ತರ, ಒಂಬತ್ತು ಖಾಲಿ. ಇಪ್ಪತ್ತು ಸರಿ, ಆರು ತಪ್ಪು. ಹದಿನೆಂಟೂವರೆ.

ಅಷ್ಟರಲ್ಲಿ ಭಾವನ ಫೋನು. ಎಲ್ಲಿದ್ದೀರಿ, ಊಟ ಆಯ್ತಾ ಎಂದೆಲ್ಲ ಕೇಳಿ ಆಮೇಲೆ, "ಏನಾದ್ರೂ ಬರೆಸಿದಿಯಾ?" ಎಂದರು. ಫೋನನ್ನು ಅವಳಿಗೇ ಕೊಟ್ಟೆ.

"ಹದಿನೆಂಟೂವರೆ ಅಬ್ಬಾ."

"ಮೊದ್ಲು ಎಷ್ಟಿತ್ತು?"

"ಹನ್ನೆರಡೂವರೆ... ಒಂಬತ್ತು ಖಾಲಿ ಬಿಟ್ಟೀನಿ ಅಬ್ಬಾ."

ಆ ಕಡೆ ಗಾಳಿ ತುಂಬುವ ಕಂಪ್ರೆಸರ್ ಸದ್ದು ಮಾತ್ರ ಕೇಳುತ್ತಿತ್ತು. "ಕಿಟಕಿ ಹಾಕ್ಕೋ, ಥಂಡಿ ಗಾಳಿ ಬರ್ತದೆ" ಎಂದು ಹೇಳಿ ಭಾವ ಫೋನು ಇಟ್ಟರು.

ಅವಳು ಕಿಟಕಿ ಹಾಕಿ, ಖಾಲಿ ಬಿಟ್ಟ ಒಂಬತ್ತು ಪ್ರಶ್ನೆಗಳನ್ನು ಮತ್ತೆ ತೆರೆದಳು.