ನಂದಗಡದ ಆಲದ ಮರದ ಕೆಳಗೆ

ಖಾನಾಪುರ ದಾಟಿ ನಂದಗಡದ ಕಡೆ ಕಾರು ತಿರುಗುವವರೆಗೂ ಮೂವರೂ ಮಾತಾಡಲಿಲ್ಲ. ಬೆಳಗಾವಿಯಲ್ಲಿ ಆವತ್ತು ಬೆಳಿಗ್ಗೆಯಷ್ಟೇ ಡಾಕ್ಟರು ಹೇಳಿದ್ದರು: ಅಂಡಾಣು ಚೆನ್ನಾಗಿವೆ, ಆದರೆ ನಿಮ್ಮ ಗರ್ಭಕೋಶ ಮಗುವನ್ನು ಹೊರಲಾರದು, ಬಾಡಿಗೆ ತಾಯ್ತನದ ಬಗ್ಗೆ ಯೋಚಿಸಿ. "ರಾಯಣ್ಣಗ ಕೈಮುಗದು ಹೋಗೂಣು" ಅಂದರು ಅತ್ತೆ.

ಕಿತ್ತೂರು ಚೆನ್ನಮ್ಮನ ಬಂಟ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಇಲ್ಲೇ. ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳಿಲ್ಲದವರು ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಅಂತ. ಕೆಲವಕ್ಕೆ ಬಿಸಿಲಿಗೆ ಬಣ್ಣವೇ ಹೋಗಿತ್ತು. ಅವನ್ನು ಕಟ್ಟಿದವರಿಗೆ ಮಗು ಆಯ್ತೋ ಇಲ್ಲವೋ?

ಅಷ್ಟರಲ್ಲಿ ಗಂಡನ ಫೋನ್ ಸದ್ದು ಮಾಡಿತು. ಏಜೆಂಟನ ಮೆಸೇಜು: ವಿದೇಶದಲ್ಲಿ ಪ್ಯಾಕೇಜು, ಟಿಕೆಟು, ವೀಸಾ, ವಕೀಲರು ಎಲ್ಲಾ ಸೇರಿ. "ಹೊರುವ ಹೆಂಗಸಿನ ಹೆಸರೇನು?" ಅಂತ ನಾನು ಬರೆದೆ. "ಅದರ ಚಿಂತೆ ನಿಮಗ್ಯಾಕೆ ಮೇಡಂ" ಅಂತ ಉತ್ತರ ಬಂತು.

ಒಂದು ಕಾಲಕ್ಕೆ ಆ ಹೆಸರಿಲ್ಲದ ಹೆಂಗಸು ನಮ್ಮವಳೇ ಆಗಿದ್ದಳು. ಪರದೇಶದವರು ಗುಜರಾತಿನ ಆಣಂದಕ್ಕೆ ಬರುತ್ತಿದ್ದರು. 2008ರಲ್ಲಿ ಅಲ್ಲಿ ಹುಟ್ಟಿದ ಮಂಜಿ ಎಂಬ ಕೂಸು, ಜಪಾನಿನ ಅಪ್ಪ-ಅಮ್ಮ ಅಷ್ಟರಲ್ಲೇ ಬೇರೆಯಾಗಿದ್ದರಿಂದ, ಊರಿಗೆ ಹೋಗಲು ತಿಂಗಳುಗಟ್ಟಲೆ ಕಾಯಬೇಕಾಯ್ತು. 2015ರಲ್ಲಿ ಸರ್ಕಾರ ವಿದೇಶಿಯರಿಗೆ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ದುಡ್ಡಿನ ವ್ಯವಹಾರವನ್ನೇ ನಿಷೇಧಿಸಿತು. ಈಗ ಹೊರುವವಳಿಗೆ ಆಸ್ಪತ್ರೆ ಖರ್ಚು, ವಿಮೆ ಮಾತ್ರ. ಅವಳು 25ರಿಂದ 35ರೊಳಗಿನವಳು, ಮದುವೆಯಾಗಿ ಸ್ವಂತ ಮಗು ಇರುವವಳು. ಜೀವನದಲ್ಲಿ ಒಂದೇ ಸಲ.

ಇಲ್ಲಿ ತಪ್ಪು ಅಂತ ನಿಲ್ಲಿಸಿದ್ದನ್ನು ಇನ್ನೊಂದು ದೇಶದ ಬಡವಿಯ ಹತ್ತಿರ ಕೊಂಡರೆ ಸರಿಯಾಗುತ್ತದೆಯೇ? ಗಂಡ ಫೋನ್ ಜೇಬಿಗಿಟ್ಟ. "ಬ್ಯಾಡ ಬಿಡು" ಅಂದ.

ಅತ್ತೆ ತೊಟ್ಟಿಲು ಕಟ್ಟುತ್ತಾ ಹೇಳಿದರು, "ನಮ್ಮ ಸಣ್ಣಾಕಿ ಇದ್ದಾಳಲ್ಲ, ಇಲ್ಲ ಅನ್ನಂಗಿಲ್ಲ." ನಾದಿನಿಗೆ 32 ವರ್ಷ, ಒಬ್ಬ ಮಗ. ಕಾನೂನಿಗೆ ಸರಿಹೋಗುತ್ತಾಳೆ. ನನಗೆ ಹೆದರಿಕೆಯಾಗಿದ್ದು ಆ "ಅನ್ನಂಗಿಲ್ಲ" ಎಂಬ ಮಾತಿಗೆ. ದುಡ್ಡಿಲ್ಲದ ಒತ್ತಾಯವೂ ಒತ್ತಾಯವೇ ಅಲ್ವಾ?

ಬರುವ ಭಾನುವಾರ ಅವಳ ಮನೆಗೆ ಹೋಗುತ್ತೇನೆ. ಅತ್ತೆಯೂ ಬೇಡ, ಗಂಡನೂ ಬೇಡ, ಒಬ್ಬಳೇ. ಕೇಳುವ ಮೊದಲೇ ಹೇಳಬೇಕು: "ನೀ ಒಲ್ಲೆ ಅಂದ್ರೂ ನಾವಿಬ್ರೂ ಹಿಂಗ ಇರೂಣು."